‘ಅದೇ ಹೊತ್ತಿಗೆ’ ಅಂದ್ರೆ ಯಾವ ಹೊತ್ತಿಗೆ? ಗಡಿಯಾರ ಹೊಂದಿಸೋ ಜಗಳದಿಂದ ಐನ್‌ಸ್ಟೈನ್‌ವರೆಗೆ

1/10
📷 ಇಂಗ್ಲೆಂಡಿನ ಬ್ರಿಸ್ಟಲ್, ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರ

ಫೋಟೋನ ಝೂಮ್ ಮಾಡಿ ನೋಡಿ. ಗಂಟೆಯ ಮುಳ್ಳು ಒಂದೇ, ನಿಮಿಷದ ಮುಳ್ಳು ಮಾತ್ರ ಎರಡು.

ಇದು ರಿಪೇರಿ ಮಾಡೋವಾಗ ಆದ ಎಡವಟ್ಟಲ್ಲ. ಬ್ರಿಸ್ಟಲ್ ಊರಿನವರು ಒಂದಷ್ಟು ವರ್ಷ ನಿಜವಾಗ್ಲೂ ಎರಡು ಟೈಮ್ ಇಟ್ಕೊಂಡು ಬದುಕಿದ್ರು. ಒಂದು ಮುಳ್ಳು ತಮ್ಮೂರ ಟೈಮಿಗೆ, ಇನ್ನೊಂದು ಲಂಡನ್ ಟೈಮಿಗೆ. ನಡುವೆ ಸುಮಾರು 10 ನಿಮಿಷದ ಅಂತರ.

ಯಾಕಪ್ಪಾ ಅಂದ್ರೆ, ಆಗ ಪ್ರತಿ ಊರಿಗೂ ಅದರದ್ದೇ ಮಧ್ಯಾಹ್ನ ಇತ್ತು. ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬಂದ ಹೊತ್ತೇ ಊರಿನ ಹನ್ನೆರಡು ಗಂಟೆಗೆ ಆಧಾರ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತೆ, ಅಂದ್ರೆ 1 ಡಿಗ್ರಿಗೆ 4 ನಿಮಿಷ. ಪಶ್ಚಿಮಕ್ಕೆ ಹೋದಷ್ಟೂ ಮಧ್ಯಾಹ್ನ ತಡವಾಗುತ್ತೆ.

ನಮ್ಮ ರಾಜ್ಯದಲ್ಲೇ ಲೆಕ್ಕ ಹಾಕಿ. ಕೋಲಾರಕ್ಕೂ ಕಾರವಾರಕ್ಕೂ ರೇಖಾಂಶದಲ್ಲಿ ಸುಮಾರು 4 ಡಿಗ್ರಿ ವ್ಯತ್ಯಾಸ. ಕೋಲಾರದಲ್ಲಿ ಮಧ್ಯಾಹ್ನ ಆಗಿ ಸುಮಾರು 16 ನಿಮಿಷ ಕಳೆದ ಮೇಲೆ ಕಾರವಾರದಲ್ಲಿ ಮಧ್ಯಾಹ್ನ!

ಕುದುರೆ ಗಾಡಿಯಲ್ಲಿ ಓಡಾಡ್ತಿದ್ದಾಗ ಈ ಹತ್ತು ಹದಿನೈದು ನಿಮಿಷ ಯಾರಿಗೂ ಲೆಕ್ಕಕ್ಕಿರಲಿಲ್ಲ. ರೈಲು ಬಂದ್ಮೇಲೆ ಕಷ್ಟ ಶುರುವಾಯ್ತು. ಪ್ರತಿ ಸ್ಟೇಷನ್ನಿಗೂ ಬೇರೆ ಟೈಮ್ ಇದ್ರೆ ವೇಳಾಪಟ್ಟಿ ಬರೆಯೋದು ಹೇಗೆ? 1840ರ ನವೆಂಬರ್‌ನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ದಾರಿಯುದ್ದಕ್ಕೂ ಲಂಡನ್ ಟೈಮ್ ಜಾರಿಗೆ ತಂತು. ಬ್ರಿಸ್ಟಲ್ ಊರು ಅದನ್ನ ಒಪ್ಪಿಕೊಂಡಿದ್ದು 1852ರಲ್ಲಿ. ಇಡೀ ಬ್ರಿಟನ್ನಿಗೆ ಒಂದೇ ಟೈಮ್ ಅಂತ ಕಾನೂನು ಬಂದಿದ್ದು 1880ರಲ್ಲಿ.

ಈ ಸರಣಿ ಪೂರ್ತಿ ಒಂದೇ ಪ್ರಶ್ನೆ ಹಿಂದೆ ಹೋಗೋಣ. ಎರಡು ಬೇರೆ ಜಾಗಗಳಲ್ಲಿ ‘ಅದೇ ಹೊತ್ತಿಗೆ’ ಏನೋ ಆಯ್ತು ಅಂತೀವಲ್ಲ, ಅದನ್ನ ಯಾರು ಹೇಳೋದು? ಹೇಗೆ ಹೇಳೋದು?

2/10
📷 ಗ್ರೀನಿಚ್ ವೀಕ್ಷಣಾಲಯ, ನೆಲದ ಮೇಲಿನ ಸೊನ್ನೆ ರೇಖೆ

‘ಯಾರು ಹೇಳೋದು’ ಅನ್ನೋದು ಮೊದಲು ಅಧಿಕಾರದ ಪ್ರಶ್ನೆಯಾಗಿತ್ತು. ವಿಜ್ಞಾನ ಆಮೇಲೆ.

1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿದ್ರು. ಪ್ರಪಂಚದ ಸೊನ್ನೆ ರೇಖಾಂಶ ಎಲ್ಲಿಂದ ಶುರುವಾಗಬೇಕು ಅನ್ನೋದು ಚರ್ಚೆ. ಗ್ರೀನಿಚ್ ಗೆದ್ದಿತು. ಫ್ರಾನ್ಸ್ ಮತ ಹಾಕಲೇ ಇಲ್ಲ, ತಟಸ್ಥವಾಗಿ ಕೂತಿತು. ಪ್ಯಾರಿಸ್ ವೀಕ್ಷಣಾಲಯ ಇರೋವಾಗ ಲಂಡನ್ ಪಕ್ಕದ ಗುಡ್ಡವನ್ನ ಯಾಕೆ ಒಪ್ಪಬೇಕು ಅನ್ನೋ ಸಿಟ್ಟು.

ಆ ಸಿಟ್ಟು ಎಷ್ಟು ವರ್ಷ ಇತ್ತು ಗೊತ್ತಾ? 1911ರಲ್ಲಿ ಫ್ರಾನ್ಸ್ ಕೊನೆಗೂ ಗ್ರೀನಿಚ್ ಟೈಮಿಗೆ ಬಂತು, ಆದ್ರೆ ಕಾನೂನಿನಲ್ಲಿ ಗ್ರೀನಿಚ್ ಅನ್ನೋ ಹೆಸರೇ ಇಲ್ಲ! ಫ್ರಾನ್ಸಿನ ಸಮಯ ಅಂದ್ರೆ ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡ್ ಹಿಂದಕ್ಕೆ ಅಂತ ಬರೆದ್ರು. ಲೆಕ್ಕ ಹಾಕಿದ್ರೆ ಅದೇ ಗ್ರೀನಿಚ್ ಟೈಮ್.

ಜರ್ಮನಿಯಲ್ಲಿ ಸೇನೆಗೆ ಬೇಕಾಗಿತ್ತು. ಊರೂರಿಗೂ ಬೇರೆ ಟೈಮ್ ಇದ್ರೆ ಸೈನ್ಯವನ್ನ ರೈಲಿನಲ್ಲಿ ಸಾಗಿಸೋದು ಹೇಗೆ? ಮುದಿ ಸೇನಾಪತಿ ಮೋಲ್ಟ್‌ಕೆ 1891ರಲ್ಲಿ ಸಂಸತ್ತಿನಲ್ಲಿ ಇದಕ್ಕಾಗಿಯೇ ವಾದ ಮಾಡಿದರು. 1893ರ ಏಪ್ರಿಲ್ 1ರಂದು ದೇಶಕ್ಕೆಲ್ಲ ಒಂದೇ ಟೈಮ್ ಬಂತು.

ನಮ್ಮಲ್ಲೂ ಇದೇ ಕಥೆ. ಬ್ರಿಟಿಷರ ಕಾಲದ ರೈಲುಗಳು ಮದರಾಸ್ ಟೈಮ್ ಮೇಲೆ ಓಡ್ತಿದ್ವು. ಬಾಂಬೆಗೆ ಅದರದ್ದೇ ಟೈಮ್, ಕಲ್ಕತ್ತಾಗೆ ಅದರದ್ದೇ. 1906ರ ಜನವರಿ 1ರಿಂದ ಸರ್ಕಾರ ಎಲ್ಲರಿಗೂ 82.5 ಡಿಗ್ರಿ ಪೂರ್ವ ರೇಖಾಂಶದ ಟೈಮ್ ತಂದಿತು. ಈಗಿನ ನಮ್ಮ ಐಎಸ್‌ಟಿ ಅದೇ. ಬಾಂಬೆ ಜನಕ್ಕೆ ಗಡಿಯಾರ ಒಮ್ಮೆಗೇ 39 ನಿಮಿಷ ಮುಂದೆ ಹೋಯ್ತು. ಪರಕೀಯ ಸರ್ಕಾರ ನಮ್ಮ ಸೂರ್ಯನನ್ನೂ ಬದಲಾಯಿಸ್ತಿದೆ ಅನ್ನೋ ಹಾಗೆ ವಿರೋಧ ಎದ್ದಿತು. ಆ ನಗರದ ಎಷ್ಟೋ ಗಡಿಯಾರಗಳು ದಶಕಗಳ ಕಾಲ ಹಳೇ ಬಾಂಬೆ ಟೈಮನ್ನೇ ತೋರಿಸ್ತಾ ಇದ್ವು.

ನೆನಪಿಡಿ: ಇಲ್ಲಿ ಯಾರ ಮಧ್ಯಾಹ್ನವೂ ‘ತಪ್ಪು’ ಅಲ್ಲ. ಒಂದನ್ನ ಆರಿಸ್ಕೊಂಡ್ರು, ಅಷ್ಟೇ.

3/10
📷 ಹಳೇ ಟೆಲಿಗ್ರಾಫ್ ಕೀ

ಸರಿ, ಒಂದು ಟೈಮ್ ಆರಿಸಿದ್ದಾಯ್ತು. ನೂರಾರು ಮೈಲಿ ದೂರದ ಗಡಿಯಾರಗಳು ಅದೇ ಟೈಮ್ ತೋರಿಸೋ ಹಾಗೆ ಮಾಡೋದು ಹೇಗೆ?

ಪ್ಯಾರಿಸ್‌ನಲ್ಲಿ 1880ರ ಸುಮಾರಿಗೆ ನೆಲದಡಿ ಪೈಪ್ ಹಾಕಿ, ನಿಮಿಷಕ್ಕೊಮ್ಮೆ ಗಾಳಿಯ ಒತ್ತಡ ಕಳಿಸಿ ಗಡಿಯಾರಗಳ ಮುಳ್ಳನ್ನ ತಳ್ತಾ ಇದ್ರು. ಚೆನ್ನಾಗಿತ್ತು, ಆದ್ರೆ ಗಾಳಿ ಪೈಪಿನಲ್ಲಿ ಹೋಗೋಕೂ ಟೈಮ್ ಬೇಕಲ್ಲ! ದೂರದ ಗಡಿಯಾರ ಒಂದಿಷ್ಟು ಸೆಕೆಂಡ್ ಹಿಂದೆ ಬೀಳುತ್ತಿತ್ತು.

ಟೆಲಿಗ್ರಾಫ್ ತಂತಿ ಇದಕ್ಕಿಂತ ಎಷ್ಟೋ ವೇಗ. ಆದ್ರೆ ಭೂಪಟ ಮಾಡೋರಿಗೆ ಅದರ ಸಣ್ಣ ತಡವೂ ತಲೆನೋವು. ಎರಡು ಊರಿನ ಸ್ಥಳೀಯ ಸಮಯದ ವ್ಯತ್ಯಾಸ ಗೊತ್ತಾದ್ರೆ ರೇಖಾಂಶದ ವ್ಯತ್ಯಾಸ ಗೊತ್ತಾದ ಹಾಗೆ. ಅಲ್ಲಿ 1 ಸೆಕೆಂಡ್ ತಪ್ಪಿದ್ರೆ ಸಮಭಾಜಕದ ಹತ್ತಿರ ನಕ್ಷೆ ಸುಮಾರು 460 ಮೀಟರ್ ತಪ್ಪುತ್ತೆ.

ಅವರು ಕಂಡುಕೊಂಡ ಉಪಾಯ ಬಲು ಚೆಂದ. ಸಿಗ್ನಲ್ಲನ್ನ ಎರಡೂ ಕಡೆಯಿಂದ ಕಳಿಸೋದು! ಲೆಕ್ಕ ನೋಡಿ:

👉 ಎರಡು ಊರಿನ ನಿಜವಾದ ವ್ಯತ್ಯಾಸ 10 ನಿಮಿಷ ಅಂತಿರಲಿ. ತಂತಿಯಲ್ಲಿ ತಡ 0.2 ಸೆಕೆಂಡ್. ಈ ಎರಡೂ ನಮಗೆ ಗೊತ್ತಿಲ್ಲ ಅಂದ್ಕೊಳ್ಳಿ.
👉 ಪೂರ್ವದ ಊರು ತನ್ನ 12:00:00ಕ್ಕೆ ಸಿಗ್ನಲ್ ಕಳಿಸುತ್ತೆ. ತಲುಪಿದಾಗ ಪಶ್ಚಿಮದ ಗಡಿಯಾರ 11:50:00.2. ವ್ಯತ್ಯಾಸ 9 ನಿಮಿಷ 59.8 ಸೆಕೆಂಡ್.
👉 ಪಶ್ಚಿಮದ ಊರು ತನ್ನ 11:55:00ಕ್ಕೆ ವಾಪಸ್ ಕಳಿಸುತ್ತೆ. ತಲುಪಿದಾಗ ಪೂರ್ವದ ಗಡಿಯಾರ 12:05:00.2. ವ್ಯತ್ಯಾಸ 10 ನಿಮಿಷ 0.2 ಸೆಕೆಂಡ್.
👉 ಎರಡರ ಸರಾಸರಿ ತಗೊಳ್ಳಿ. ಸರಿಯಾಗಿ 10 ನಿಮಿಷ. ತಡ ಮಾಯ!

ಎಷ್ಟು ಸಲೀಸು ಅಲ್ವಾ? ಆದ್ರೆ ಇದರೊಳಗೆ ಒಂದು ಊಹೆ ಅಡಗಿದೆ. ಹೋಗೋಕೆ ಎಷ್ಟು ಹೊತ್ತು ಬೇಕೋ ಬರೋಕೂ ಅಷ್ಟೇ ಹೊತ್ತು ಅನ್ನೋ ಊಹೆ. ಅದು ನಿಜ ಅಂತ ಪರೀಕ್ಷೆ ಮಾಡ್ಬೇಕಾದ್ರೆ ಎರಡು ಕಡೆಯ ಗಡಿಯಾರಗಳು ಮೊದಲೇ ಹೊಂದಿಕೊಂಡಿರಬೇಕು. ಹೊಂದಿಸ್ಬೇಕಾದ್ರೆ ಈ ಊಹೆ ಬೇಕು. ಬೀಜ ಮೊದಲೋ ಮರ ಮೊದಲೋ!

ಈ ಗಂಟನ್ನ ಗಂಭೀರವಾಗಿ ತಗೊಂಡ ವ್ಯಕ್ತಿ ಪ್ಯಾರಿಸ್‌ನಲ್ಲಿದ್ದರು.

4/10
📷 ಆಂರಿ ಪ್ವಾಂಕಾರೆ

ಗಣಿತ ಓದೋ ಫ್ರೆಂಡ್ಸಿಗೆ ಈ ಹೆಸರು ಗೊತ್ತಿರುತ್ತೆ. 1854ರಲ್ಲಿ ಹುಟ್ಟಿದ ಪ್ವಾಂಕಾರೆ ತಮ್ಮ ಕಾಲದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. ಆದ್ರೆ ಅವರು ಬರೀ ಪೇಪರ್ ಮೇಲೆ ಲೆಕ್ಕ ಮಾಡೋರಾಗಿರಲಿಲ್ಲ. ಗಣಿ ಎಂಜಿನಿಯರ್ ಆಗಿ ತರಬೇತಿ ಪಡೆದವರು. 1893ರಲ್ಲಿ ಫ್ರಾನ್ಸಿನ ರೇಖಾಂಶ ಮಂಡಳಿಗೆ ಸದಸ್ಯರಾದರು. ಹೌದು, ಪ್ರಪಂಚದ ನಕ್ಷೆಗಾಗಿ ಗಡಿಯಾರಗಳನ್ನ ಹೊಂದಿಸೋದೇ ಕೆಲಸವಾಗಿದ್ದ ಕಚೇರಿ ಅದು. ಕೆಲವು ವರ್ಷಗಳಲ್ಲಿ ಅದರ ಅಧ್ಯಕ್ಷರೂ ಆದರು.

1898ರಲ್ಲಿ ಅವರು ಕಾಲದ ಅಳತೆ ಬಗ್ಗೆ ಒಂದು ಸಣ್ಣ ಪ್ರಬಂಧ ಬರೆದರು. ಅದರ ಸಾರ ಹೀಗೆ ಹೇಳಬಹುದು: ಎರಡು ದೂರದ ಘಟನೆಗಳು ಒಟ್ಟಿಗೇ ಆದವು ಅಂತ ನೇರವಾಗಿ ಅರಿಯೋ ಶಕ್ತಿ ನಮಗೆ ಯಾರಿಗೂ ಇಲ್ಲ. ಅರಿತಿದ್ದೀವಿ ಅಂತ ಅನ್ನಿಸೋದು ಭ್ರಮೆ. ನಾವು ನಿಜವಾಗಿ ಮಾಡೋದು ಕೆಲವು ನಿಯಮಗಳನ್ನ ಪಾಲಿಸೋದು. ಬೆಳಕಿನ ವೇಗ ಎಲ್ಲ ದಿಕ್ಕಿಗೂ ಒಂದೇ ಅಂತ ಖಗೋಳಜ್ಞರು ಮೊದಲೇ ಒಪ್ಕೊಂಡಿರ್ತಾರೆ. ಅದನ್ನ ಅನುಭವದಿಂದ ನೇರವಾಗಿ ಪರೀಕ್ಷಿಸಿ ಒಪ್ಪಿದ್ದಲ್ಲ. ಅದಿಲ್ಲದೆ ಅಳತೆಯೇ ಶುರುವಾಗಲ್ಲ, ಅದಕ್ಕೆ. ಆ ಪ್ರಬಂಧದಲ್ಲಿ ಉದಾಹರಣೆಯಾಗಿ ಬರೋದು ಬೇರೇನಲ್ಲ, ಟೆಲಿಗ್ರಾಫ್‌ನಿಂದ ರೇಖಾಂಶ ಅಳೆಯೋ ಕೆಲಸವೇ.

1900ರಲ್ಲಿ ಇನ್ನೊಂದು ಹೆಜ್ಜೆ. ಡಚ್ ಭೌತವಿಜ್ಞಾನಿ ಲೊರೆಂಟ್ಸ್ ತಮ್ಮ ಸಮೀಕರಣಗಳಲ್ಲಿ ‘ಸ್ಥಳೀಯ ಕಾಲ’ ಅಂತ ಒಂದು ರಾಶಿ ತಂದಿದ್ದರು. ಲೊರೆಂಟ್ಸ್‌ಗೆ ಅದು ಲೆಕ್ಕ ಸುಲಭ ಮಾಡೋ ಒಂದು ಗಣಿತದ ತಂತ್ರ. ಪ್ವಾಂಕಾರೆ ಅದಕ್ಕೆ ಜೀವ ತುಂಬಿದರು. ಇಬ್ಬರು ಒಟ್ಟಿಗೆ ಚಲಿಸ್ತಾ ಬೆಳಕಿನ ಸಿಗ್ನಲ್ ಅದಲುಬದಲು ಮಾಡ್ಕೊಂಡು, ತಾವು ಚಲಿಸ್ತಿರೋದು ಗೊತ್ತಿಲ್ಲದೆ ಗಡಿಯಾರ ಹೊಂದಿಸಿದ್ರೆ, ಆ ಗಡಿಯಾರಗಳು ತೋರಿಸೋದು ಲೊರೆಂಟ್ಸ್‌ರ ಸ್ಥಳೀಯ ಕಾಲವನ್ನೇ ಅಂತ ತೋರಿಸಿದರು.

ಇಷ್ಟು ಹತ್ತಿರ ಬಂದಿದ್ರು! ಐನ್‌ಸ್ಟೈನ್ ಆಗ ಇನ್ನೂ ಕೆಲಸ ಹುಡುಕ್ತಿದ್ದ 21 ವರ್ಷದ ಹುಡುಗ. ಮುಂದೇನಾಯ್ತು ಅನ್ನೋಕೆ ಮೊದಲು ಆ ಹುಡುಗನ ಆಫೀಸಿಗೆ ಹೋಗಿ ಬರೋಣ.

5/10
📷 ಬರ್ನ್ ನಗರದ ಗಡಿಯಾರ ಗೋಪುರ

ಸ್ವಿಟ್ಜರ್ಲೆಂಡಿನ ಬರ್ನ್. 1890ರಲ್ಲೇ ಈ ಊರಿನ ಬೀದಿ ಗಡಿಯಾರಗಳನ್ನ ವಿದ್ಯುತ್ ತಂತಿಯಿಂದ ಒಂದಕ್ಕೊಂದು ಜೋಡಿಸಿದ್ರು. ಊರಿನ ಗಡಿಯಾರಗಳು ಒಂದೇ ಹೆಜ್ಜೆ ಹಾಕೋದು ಆಗಿನ ಕಾಲಕ್ಕೆ ದೊಡ್ಡ ಹೆಮ್ಮೆ.

1902ರ ಜೂನ್‌ನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಇಲ್ಲಿನ ಪೇಟೆಂಟ್ ಆಫೀಸ್‌ನಲ್ಲಿ ಮೂರನೇ ದರ್ಜೆಯ ತಾಂತ್ರಿಕ ಪರಿಣತರಾಗಿ ಸೇರಿದರು. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಕೆಲಸ. ಬರೋ ಅರ್ಜಿ ಓದಬೇಕು, ಯಂತ್ರ ನಿಜಕ್ಕೂ ಹೇಳಿದ ಹಾಗೆ ಕೆಲಸ ಮಾಡುತ್ತಾ ನೋಡಬೇಕು, ಹೊಸದಾ ಹಳೇದಾ ಹೇಳಬೇಕು. ಗಡಿಯಾರದ ದೇಶ ಅದು. ದೂರದ ಗಡಿಯಾರಗಳನ್ನ ವಿದ್ಯುತ್ತಿನಿಂದ ಹೊಂದಿಸೋ ಉಪಾಯಗಳಿಗೆ ಆ ವರ್ಷಗಳಲ್ಲಿ ಪೇಟೆಂಟ್ ಮೇಲೆ ಪೇಟೆಂಟ್ ಕೇಳ್ತಿದ್ರು.

ಇತಿಹಾಸಕಾರ ಪೀಟರ್ ಗ್ಯಾಲಿಸನ್ 2003ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದಿದ್ದಾರೆ. ‘ಒಂದೇ ಹೊತ್ತು’ ಅನ್ನೋ ಪ್ರಶ್ನೆ ಆಕಾಶದಿಂದ ಬಿದ್ದಿದ್ದಲ್ಲ, ರೈಲು, ತಂತಿ, ಪೇಟೆಂಟ್‌ಗಳ ಮಧ್ಯೆ ಹುಟ್ಟಿದ್ದು ಅಂತ ಅವರ ವಾದ. ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಈ ಪೇಟೆಂಟ್ ಅರ್ಜಿ ನೋಡಿ ಐನ್‌ಸ್ಟೈನ್‌ಗೆ ಐಡಿಯಾ ಹೊಳೀತು’ ಅಂತ ರೀಲ್ಸ್‌ನಲ್ಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅವರು ಪರಿಶೀಲಿಸಿದ ಫೈಲುಗಳಲ್ಲಿ ಹೆಚ್ಚಿನವು ಉಳಿದೇ ಇಲ್ಲ. ಹಾಗೆ ನೇರವಾಗಿ ಹೇಳೋ ದಾಖಲೆ ಇಲ್ಲ.

ದಾಖಲೆ ಇರೋದು ಇಷ್ಟಕ್ಕೆ: ಸಂಜೆ ಹೊತ್ತು ಹಾಬಿಖ್ಟ್, ಸೊಲೊವಿನ್ ಅನ್ನೋ ಗೆಳೆಯರ ಜೊತೆ ಕೂತು ಅವರು ಹ್ಯೂಮ್, ಮಾಖ್, ಪ್ವಾಂಕಾರೆ ಓದ್ತಿದ್ರು. ಓದ್ತಾ ಓದ್ತಾ ಗಲಾಟೆ ಮಾಡ್ಕೊಂಡು ಚರ್ಚೆ ಮಾಡ್ತಿದ್ರು. ನಮ್ಮ ಸ್ಟಡಿ ಗ್ರೂಪ್ ಇದ್ದ ಹಾಗೆ ಅಂದ್ಕೊಳ್ಳಿ, ಆದ್ರೆ ಅವರು ನಿಜವಾಗ್ಲೂ ಓದ್ತಿದ್ರು 😄

6/10
📷 ಐನ್‌ಸ್ಟೈನ್ ಮತ್ತು ಮಿಖೆಲೆ ಬೆಸ್ಸೊ

ಐನ್‌ಸ್ಟೈನ್‌ರನ್ನ ಕಾಡ್ತಿದ್ದ ಸಮಸ್ಯೆ ಗಡಿಯಾರದ್ದಲ್ಲ, ಬೆಳಕಿನದು.

ಒಂದು ಕಡೆ: ಸಮವೇಗದಲ್ಲಿ ಹೋಗೋ ಎಲ್ಲರಿಗೂ ಭೌತಶಾಸ್ತ್ರದ ನಿಯಮಗಳು ಒಂದೇ. ನಿಂತಿದ್ದೀನಾ, ಓಡ್ತಿದ್ದೀನಾ ಅಂತ ಒಳಗೆ ಕೂತು ಪ್ರಯೋಗ ಮಾಡಿ ಹೇಳೋಕಾಗಲ್ಲ.

ಇನ್ನೊಂದು ಕಡೆ: ಬೆಳಕಿನ ವೇಗ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಅದು ಹೊರಟ ದೀಪ ಎಷ್ಟೇ ವೇಗವಾಗಿ ಓಡ್ತಿದ್ರೂ ಬದಲಾಗಲ್ಲ.

ಎರಡನ್ನೂ ಒಟ್ಟಿಗೆ ಒಪ್ಪಿದ್ರೆ, ಓಡೋ ರೈಲಿನಲ್ಲಿ ಕೂತವನಿಗೂ ಪ್ಲಾಟ್‌ಫಾರ್ಮ್ ಮೇಲೆ ನಿಂತವಳಿಗೂ ಅದೇ ಬೆಳಕು ಅದೇ ವೇಗದಲ್ಲಿ ಹೋಗ್ಬೇಕು. ಇದು ಹೇಗೆ ಸಾಧ್ಯ? ನಡೆಯೋ ಬಸ್ಸಿನೊಳಗೆ ಮುಂದಕ್ಕೆ ನಡೆದ್ರೆ ರಸ್ತೆಯವರಿಗೆ ನಮ್ಮ ವೇಗ ಜಾಸ್ತಿ ಕಾಣಲ್ವಾ?

1905ರ ಮೇ ತಿಂಗಳಲ್ಲಿ ಅವರು ಇದನ್ನ ಆಫೀಸಿನ ಸಹೋದ್ಯೋಗಿ, ಗೆಳೆಯ ಮಿಖೆಲೆ ಬೆಸ್ಸೊ ಹತ್ತಿರ ಹೇಳ್ಕೊಂಡ್ರು. ಇಬ್ಬರೂ ಎಲ್ಲ ಕಡೆಯಿಂದ ಚರ್ಚಿಸಿದ್ರು. ಎಷ್ಟೋ ವರ್ಷ ಆದ್ಮೇಲೆ, 1922ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮಾಡಿದ ಭಾಷಣದಲ್ಲಿ ಐನ್‌ಸ್ಟೈನ್ ಇದನ್ನ ನೆನಪಿಸ್ಕೊಂಡಿದ್ದಾರೆ. ಮಾರನೇ ದಿನ ಬೆಸ್ಸೊಗೆ ಧನ್ಯವಾದ ಹೇಳಿ, ಸಮಸ್ಯೆ ಪೂರ್ತಿ ಬಗೆಹರೀತು ಅಂದ್ರಂತೆ. ಕೀಲಿ ಸಿಕ್ಕಿದ್ದು ಕಾಲದ ವಿಶ್ಲೇಷಣೆಯಲ್ಲಿ. ಕಾಲಕ್ಕೂ ಸಿಗ್ನಲ್ಲಿನ ವೇಗಕ್ಕೂ ಬಿಡಿಸಲಾಗದ ನಂಟಿದೆ ಅನ್ನೋದರಲ್ಲಿ.

ಸುಮಾರು ಐದಾರು ವಾರದಲ್ಲಿ ಪ್ರಬಂಧ ಸಿದ್ಧ. ‘ಅನ್ನಾಲೆನ್ ಡೇರ್ ಫಿಸಿಕ್’ ಪತ್ರಿಕೆಗೆ ಅದು ತಲುಪಿದ್ದು 1905ರ ಜೂನ್ 30. ಹಿಂದಿನವರ ಪ್ರಬಂಧಗಳ ಪಟ್ಟಿ ಒಂದೂ ಇಲ್ಲ. ಕೊನೆಯಲ್ಲಿ ಕೃತಜ್ಞತೆ ಒಬ್ಬರಿಗೇ, ಬೆಸ್ಸೊಗೆ.

7/10
📷 ನಾನೇ ಬರೆದ ಚಿತ್ರ: ಎ, ಬಿ ಗಡಿಯಾರಗಳು, ಮಧ್ಯೆ ಬೆಳಕು

ಆ ಪ್ರಬಂಧದ ಶುರುವಿನಲ್ಲಿ ದೊಡ್ಡ ಗಣಿತ ಏನೂ ಇಲ್ಲ. ರೈಲು 7 ಗಂಟೆಗೆ ಬರುತ್ತೆ ಅಂದ್ರೆ ಏನು ಅಂತ ಕೇಳ್ತಾರೆ. ನನ್ನ ವಾಚಿನ ಮುಳ್ಳು 7ಕ್ಕೆ ಬರೋದೂ ರೈಲು ಬರೋದೂ ಒಟ್ಟಿಗೆ ಆಗುತ್ತೆ ಅಂತ. ಎರಡೂ ಇಲ್ಲೇ, ನನ್ನ ಪಕ್ಕದಲ್ಲೇ ಆಗ್ತಿರೋದ್ರಿಂದ ತೊಂದರೆ ಇಲ್ಲ. ದೂರದ ಘಟನೆಗೆ? ಅಲ್ಲೂ ಒಂದು ಗಡಿಯಾರ ಬೇಕು, ಅದನ್ನ ಇಲ್ಲಿನ ಗಡಿಯಾರಕ್ಕೆ ಹೊಂದಿಸೋ ವಿಧಾನವೂ ಬೇಕು.

ವಿಧಾನ ಇದು: ಎ ಗಡಿಯಾರ 12:00:00 ತೋರಿಸುವಾಗ ಅಲ್ಲಿಂದ ಬೆಳಕು ಹೊರಡುತ್ತೆ. ಬಿ ಹತ್ತಿರ ಕನ್ನಡಿಗೆ ಬಡಿದು ವಾಪಸ್ ಬರುತ್ತೆ. ಆಗ ಎ 12:00:02 ತೋರಿಸಿದ್ರೆ, ಬೆಳಕು ಬಡಿದ ಕ್ಷಣದಲ್ಲಿ ಬಿ 12:00:01 ತೋರಿಸಿರಬೇಕು. ಹಾಗಿದ್ರೆ ಎರಡೂ ಹೊಂದಿಕೊಂಡಿವೆ ಅಂತ ಅರ್ಥ. ಅಷ್ಟೇ. ಮೂರನೇ ಭಾಗದ ಟೆಲಿಗ್ರಾಫ್‌ನವರ ಉಪಾಯ ನೆನಪಾಯ್ತಾ?

ಈಗ ಇದನ್ನ ಓಡೋ ರೈಲಿಗೆ ಹಾಕಿ. ನಿಮ್ಮ ಬೆಂಚ್‌ಮೇಟ್ ಬೋಗಿಯ ಸರಿಯಾಗಿ ಮಧ್ಯದಲ್ಲಿ ಕೂತು ಒಂದು ದೀಪ ಮಿಂಚಿಸ್ತಾಳೆ. ಮುಂದಿನ ಗೋಡೆಗೊಂದು, ಹಿಂದಿನ ಗೋಡೆಗೊಂದು ಗಡಿಯಾರ. ಬೆಳಕು ಬಡಿದ ಕೂಡಲೇ ಗಡಿಯಾರ 12:00ರಿಂದ ಓಡೋಕೆ ಶುರು. ಅವಳ ಲೆಕ್ಕಕ್ಕೆ ದೂರ ಸಮ, ವೇಗ ಸಮ. ಹಾಗಾಗಿ ಎರಡು ಗಡಿಯಾರಗಳೂ ಒಟ್ಟಿಗೆ ಶುರುವಾದವು.

ನೀವು ಪ್ಲಾಟ್‌ಫಾರ್ಮ್ ಮೇಲಿದ್ದೀರಿ. ನಿಮಗೂ ಬೆಳಕಿನ ವೇಗ ಎರಡು ದಿಕ್ಕಿಗೂ ಅದೇ. ಆದ್ರೆ ಬೆಳಕು ಹೋಗ್ತಿರೋವಾಗ ಹಿಂದಿನ ಗೋಡೆ ಅದರ ಎದುರಿಗೆ ಬರ್ತಿದೆ, ಮುಂದಿನ ಗೋಡೆ ಅದರಿಂದ ಓಡಿಹೋಗ್ತಿದೆ. ಹಾಗಾಗಿ ನಿಮ್ಮ ಪ್ರಕಾರ ಹಿಂದಿನ ಗಡಿಯಾರ ಮೊದಲು ಶುರುವಾಯ್ತು, ಮುಂದಿನದು ಆಮೇಲೆ.

ಅವಳು ಮಾಡಿದ್ರಲ್ಲಿ ಒಂದೂ ತಪ್ಪಿಲ್ಲ. ನೀವು ಹೇಳ್ತಿರೋದ್ರಲ್ಲೂ ತಪ್ಪಿಲ್ಲ. ಆದ್ರೆ ಅವಳ ‘ಒಟ್ಟಿಗೆ’ ನಿಮ್ಮ ‘ಒಟ್ಟಿಗೆ’ ಅಲ್ಲ. ಏಕಕಾಲಿಕತೆಯ ಸಾಪೇಕ್ಷತೆ ಅಂದ್ರೆ ಇದೇ.

(ಸಿಡಿಲು ಹೊಡೆಯೋ ರೈಲಿನ ಕಥೆ ಪಠ್ಯಪುಸ್ತಕದಲ್ಲಿ ಇರುತ್ತಲ್ಲ, ಅದು 1905ರ ಪ್ರಬಂಧದಲ್ಲಿ ಇಲ್ಲ. ಐನ್‌ಸ್ಟೈನ್ ಜನಸಾಮಾನ್ಯರಿಗಾಗಿ ಬರೆದು 1917ರಲ್ಲಿ ಬಂದ ಪುಸ್ತಕದಲ್ಲಿ ಅದು ಬರುತ್ತೆ. 1905ರಲ್ಲಿ ಇದ್ದಿದ್ದು ಎರಡು ತುದಿಗೆ ಗಡಿಯಾರ ಕಟ್ಟಿದ, ಚಲಿಸೋ ಒಂದು ಕೋಲು.)

8/10
📷 ಆಂಡ್ರೊಮಿಡಾ ಗ್ಯಾಲಕ್ಸಿ

ಇಲ್ಲಿ ಎಲ್ಲರೂ ಕೇಳೋ ಪ್ರಶ್ನೆಗಳು ಮೂರು.

ಒಂದು: ‘ಇದು ಬೆಳಕು ತಡವಾಗಿ ಬರೋದ್ರಿಂದ ಆಗೋ ಕಣ್ಕಟ್ಟು ಅಲ್ವಾ?’
ಅಲ್ಲ. ಗುಡುಗು ತಡವಾಗಿ ಕೇಳಿಸಿದ್ರೆ ನಾವು ದೂರ ಲೆಕ್ಕ ಹಾಕಿ ಸರಿ ಮಾಡ್ಕೋತೀವಿ. ಅದೇ ತರಹ ಇಲ್ಲೂ ಬೆಳಕಿನ ತಡವನ್ನ ಇಬ್ಬರೂ ಪೂರ್ತಿ ಕಳೆದಾಗಿದೆ. ಕಳೆದ ಮೇಲೆ ಉಳಿಯೋ ವ್ಯತ್ಯಾಸ ಇದು.

ಎರಡು: ‘ಹಾಗಾದ್ರೆ ನಮಗ್ಯಾಕೆ ಗೊತ್ತಾಗಲ್ಲ?’
ಅಷ್ಟು ಸಣ್ಣದು, ಅದಕ್ಕೆ. ಲೆಕ್ಕದ ಸೂತ್ರ ಸುಲಭ: ರೈಲಿನ ವೇಗವನ್ನ ಅದರ ಉದ್ದದಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ. 200 ಮೀಟರ್ ಉದ್ದದ ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋದ್ರೆ, ಅದರ ಎರಡು ತುದಿಯ ಗಡಿಯಾರಗಳು ನಿಮ್ಮ ಲೆಕ್ಕದಲ್ಲಿ ತಪ್ಪೋದು ಒಂದು ಸೆಕೆಂಡಿನ ಸುಮಾರು 16 ಲಕ್ಷ ಕೋಟಿಯಲ್ಲಿ ಒಂದು ಪಾಲು.

ಆದ್ರೆ ಸೂತ್ರದಲ್ಲಿ ಉದ್ದ ಇದೆ ನೋಡಿ. ದೂರ ಹೆಚ್ಚಾದ್ರೆ ವ್ಯತ್ಯಾಸವೂ ಬೆಳೆಯುತ್ತೆ. ಆಂಡ್ರೊಮಿಡಾ ಗ್ಯಾಲಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ನೀವು ಬೆಂಚ್ ಮೇಲೆ ಕೂತಿದ್ದೀರಿ, ನಿಮ್ಮ ಗೆಳೆಯ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಆ ದಿಕ್ಕಿಗೆ ನಡೆದು ಹೋಗ್ತಿದ್ದಾನೆ. ಆಂಡ್ರೊಮಿಡಾದಲ್ಲಿ ‘ಈಗ’ ಏನು ನಡೀತಿದೆ ಅನ್ನೋದರಲ್ಲಿ ನಿಮ್ಮಿಬ್ಬರಿಗೂ ಸುಮಾರು 4 ದಿನದ ವ್ಯತ್ಯಾಸ! ಬರೀ ನಡಿಗೆಗೆ!

ಮೂರು: ‘ಹಾಗಾದ್ರೆ ಮಗ ಅಪ್ಪನಿಗಿಂತ ಮೊದಲು ಹುಟ್ಟಬಹುದಾ?’
ಆಗಲ್ಲ. ಯಾವ ಎರಡು ಘಟನೆಗಳ ನಡುವೆ ಬೆಳಕು ಹೋಗಿ ತಲುಪೋಕೂ ಸಮಯ ಸಾಲದೋ, ಅವುಗಳ ಹಿಂದುಮುಂದು ಮಾತ್ರ ನೋಡುವವರ ಮೇಲೆ ಬದಲಾಗುತ್ತೆ. ಒಂದು ಇನ್ನೊಂದಕ್ಕೆ ಕಾರಣ ಆಗಿದ್ರೆ ಅವುಗಳ ಕ್ರಮ ಎಲ್ಲರಿಗೂ ಒಂದೇ. ಆಂಡ್ರೊಮಿಡಾದ ಆ 4 ದಿನದ ಜಗಳದಿಂದ ನೀವಾಗಲಿ ನಿಮ್ಮ ಗೆಳೆಯನಾಗಲಿ ಅಲ್ಲಿಗೆ ಏನೂ ಕಳಿಸೋಕಾಗಲ್ಲ, ತರಿಸೋಕೂ ಆಗಲ್ಲ.

9/10
📷 1911ರ ಬ್ರಸೆಲ್ಸ್ ಸಾಲ್ವೇ ಸಮ್ಮೇಳನ

ಈ ಫೋಟೋದಲ್ಲಿ ಇಬ್ಬರನ್ನ ಹುಡುಕಿ. ಮೇಜಿನ ಹತ್ತಿರ ಮೇರಿ ಕ್ಯೂರಿ ಜೊತೆ ತಲೆ ಬಗ್ಗಿಸಿ ಏನೋ ನೋಡ್ತಿರೋರು ಪ್ವಾಂಕಾರೆ. ಹಿಂದೆ ಬಲಗಡೆ ನಿಂತಿರೋ ಯುವಕ ಐನ್‌ಸ್ಟೈನ್.

ಅದೇ ಗಡಿಯಾರಗಳು, ಅದೇ ಬೆಳಕಿನ ಸಿಗ್ನಲ್. ಹಾಗಾದ್ರೆ ಇಬ್ಬರ ನಡುವೆ ವ್ಯತ್ಯಾಸ ಏನು?

ಈಥರ್ ಅಂತ ಒಂದು ಕಲ್ಪನೆ ಇತ್ತು. ಜಗತ್ತನ್ನೆಲ್ಲ ತುಂಬಿರೋ, ಬೆಳಕು ಹರಿಯೋಕೆ ಆಧಾರವಾದ ಏನೋ ಒಂದು. ಪ್ವಾಂಕಾರೆ ಅದನ್ನ ಬಿಡಲಿಲ್ಲ. ಅವರ ಪ್ರಕಾರ ಈಥರ್‌ನಲ್ಲಿ ನಿಂತ ಗಡಿಯಾರ ತೋರಿಸೋದು ನಿಜ ಕಾಲ, ಚಲಿಸೋದು ತೋರಿಸೋದು ತೋರಿಕೆಯ ಕಾಲ. ಯಾವುದು ಯಾವುದು ಅಂತ ಪತ್ತೆ ಹಚ್ಚೋಕೆ ಆಗದೇ ಇದ್ರೂ, ನಿಜ ಕಾಲ ಅನ್ನೋದು ಒಂದಿದೆ.

ಐನ್‌ಸ್ಟೈನ್ ಈಥರ್ ಬೇಕಾಗೇ ಇಲ್ಲ ಅಂದ್ರು. ಯಾವ ಅಳತೆಯಿಂದಲೂ ಪತ್ತೆಯಾಗದ ‘ನಿಜವಾದ ಈಗ’ ಇದ್ದೇನು ಪ್ರಯೋಜನ? ರೈಲಿನ ಗಡಿಯಾರಗಳ ಕಾಲ ಪೂರ್ತಿ ಕಾಲವೇ. ಪ್ಲಾಟ್‌ಫಾರ್ಮ್‌ದೂ ಪೂರ್ತಿ ಕಾಲವೇ. ಒಂದು ಅಸಲಿ, ಇನ್ನೊಂದು ನಕಲಿ ಅಲ್ಲ.

ಬ್ರಿಸ್ಟಲ್‌ನ ಎರಡು ಮುಳ್ಳುಗಳ ವಿಷಯಕ್ಕೆ ಹೋಲಿಸಿ ನೋಡಿ. ಅಲ್ಲಿ ಇಬ್ಬರೂ ಒಂದೇ ಕ್ಷಣಕ್ಕೆ ಬೇರೆ ಹೆಸರು ಕೊಡ್ತಿದ್ರು. 12:00 ಅಂತ ಒಬ್ಬರು, 11:50 ಅಂತ ಇನ್ನೊಬ್ಬರು. ಹೆಸರು ಬದಲಾಯಿಸಿದ್ರೆ ಜಗಳ ಮುಗೀತು. ರೈಲು ಮತ್ತು ಪ್ಲಾಟ್‌ಫಾರ್ಮ್‌ನ ವಿಷಯದಲ್ಲಿ ಹೆಸರು ಬದಲಾಯಿಸಿದ್ರೆ ಸಾಲಲ್ಲ. ಯಾವ ಘಟನೆಗಳು ಒಂದೇ ಕ್ಷಣಕ್ಕೆ ಸೇರಿದ್ದು ಅನ್ನೋದೇ ಬೇರೆ ಬೇರೆ. ಇಷ್ಟು ದೂರದ ಹೆಜ್ಜೆ ಅದು.

ಇದರಿಂದ ಪ್ವಾಂಕಾರೆ ಸಣ್ಣವರಾಗಲ್ಲ. ಸಾಪೇಕ್ಷತೆಯ ಗಣಿತಕ್ಕೆ ಅವರು ಕೊಟ್ಟಿದ್ದು ದೊಡ್ಡದು. ಗಡಿಯಾರದ ಕೆಲಸವನ್ನೂ ಅವರು ಬಿಡಲಿಲ್ಲ. 1910ರಿಂದ ಐಫೆಲ್ ಗೋಪುರದಿಂದ ರೇಡಿಯೋ ಮೂಲಕ ಸಮಯದ ಸಿಗ್ನಲ್ ಹೊರಡೋಕೆ ಅವರ ರೇಖಾಂಶ ಮಂಡಳಿಯ ಬೆಂಬಲ ಇತ್ತು. ಸಮುದ್ರದ ಹಡಗುಗಳು ಅದನ್ನ ಕೇಳಿ ತಮ್ಮ ಗಡಿಯಾರ ಹೊಂದಿಸ್ಕೊಳ್ತಿದ್ವು. 1911ರಲ್ಲಿ ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಕೆಲಸ ಕೊಡೋ ಮಾತು ಬಂದಾಗ ಅವರ ಪರವಾಗಿ ಶಿಫಾರಸು ಪತ್ರ ಬರೆದವರಲ್ಲಿ ಪ್ವಾಂಕಾರೆಯೂ ಒಬ್ಬರು. ಮಾರನೇ ವರ್ಷ ಜುಲೈನಲ್ಲಿ ಅವರು ತೀರಿಕೊಂಡರು.

10/10
📷 ಬೆಂಗಳೂರು ಹೊರವಲಯದ ಬ್ಯಾಲಾಳು, ಇಸ್ರೋ ಆಂಟೆನಾಗಳು

ಈಗ ನಿಮ್ಮ ಕೈಯಲ್ಲಿರೋ ಫೋನ್. ಮ್ಯಾಪ್ ನಿಮ್ಮ ಜಾಗ ತೋರಿಸೋದು ಉಪಗ್ರಹಗಳ ಗಡಿಯಾರದಿಂದ. ಸಿಗ್ನಲ್ ಹೊರಟಿದ್ದು ಯಾವಾಗ, ತಲುಪಿದ್ದು ಯಾವಾಗ, ಅದರಿಂದ ದೂರ. 1 ಮೈಕ್ರೋಸೆಕೆಂಡ್ ತಪ್ಪಿದ್ರೆ ದೂರ 300 ಮೀಟರ್ ತಪ್ಪುತ್ತೆ.

ಜಿಪಿಎಸ್ ಉಪಗ್ರಹ ವೇಗವಾಗಿ ಹೋಗೋದ್ರಿಂದ ಅದರ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ನಿಧಾನ. ಅಲ್ಲಿ ಗುರುತ್ವ ಕಡಿಮೆ ಇರೋದ್ರಿಂದ ಸುಮಾರು 45 ಮೈಕ್ರೋಸೆಕೆಂಡ್ ಬೇಗ. ಕೂಡಿಸಿ ಕಳೆದ್ರೆ ದಿನಕ್ಕೆ 38 ಮೈಕ್ರೋಸೆಕೆಂಡ್ ಬೇಗ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಹೋಗಿರುತ್ತೆ. ಇದನ್ನ ಮೊದಲೇ ಲೆಕ್ಕ ಹಾಕಿ ಸರಿಮಾಡಿರ್ತಾರೆ.

ಇದಕ್ಕಿಂತ ಮಜಾ ಇನ್ನೊಂದಿದೆ. ಸಮಭಾಜಕದ ಸುತ್ತ ಗಡಿಯಾರಗಳನ್ನ ಸಾಲಾಗಿ ಇಟ್ಟು, ಪಕ್ಕಪಕ್ಕದ್ದನ್ನ ಐನ್‌ಸ್ಟೈನ್ ವಿಧಾನದಲ್ಲಿ ಹೊಂದಿಸ್ತಾ ಒಂದು ಸುತ್ತು ಬನ್ನಿ. ಕೊನೆಯ ಗಡಿಯಾರ ಮೊದಲನೇದರ ಜೊತೆ ಹೊಂದಲ್ಲ! ಸುಮಾರು 207 ನ್ಯಾನೋಸೆಕೆಂಡ್ ತಪ್ಪಿರುತ್ತೆ. ಭೂಮಿ ತಿರುಗ್ತಿರೋದ್ರಿಂದ ಹೀಗಾಗುತ್ತೆ. ಹಾಗಾಗಿ ಎಂಜಿನಿಯರ್‌ಗಳು ಭೂಮಿಯ ಜೊತೆ ತಿರುಗದ, ಭೂಕೇಂದ್ರಕ್ಕೆ ಕಟ್ಟಿದ ಒಂದು ಚೌಕಟ್ಟನ್ನ ಆರಿಸ್ಕೊಂಡು, ಅದರ ‘ಈಗ’ವನ್ನೇ ಎಲ್ಲರ ‘ಈಗ’ ಅಂತ ಒಪ್ಕೊಂಡಿದ್ದಾರೆ. ನಮ್ಮ ನಾವಿಕ್ ವ್ಯವಸ್ಥೆಯ ಕೇಂದ್ರ ಬ್ಯಾಲಾಳಿನಲ್ಲಿ 2013ರಲ್ಲಿ ಶುರುವಾಯ್ತು. ಅಲ್ಲಿಯ ಪರಮಾಣು ಗಡಿಯಾರಗಳೂ ಇದೇ ಕೆಲಸದಲ್ಲಿವೆ.

ಇಡೀ ಪ್ರಪಂಚದ ಅಧಿಕೃತ ಸಮಯ ಇಟ್ಟಿರೋ ಒಂದು ಮಾಸ್ಟರ್ ಗಡಿಯಾರ ಎಲ್ಲೂ ಇಲ್ಲ, ಗೊತ್ತಾ? ಸುಮಾರು 80 ಸಂಸ್ಥೆಗಳ 400ಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕ ಪ್ಯಾರಿಸ್ ಹತ್ತಿರದ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಕಚೇರಿಗೆ ಹೋಗುತ್ತೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಗಡಿಯಾರಗಳೂ ಅದರಲ್ಲಿವೆ. ಎಲ್ಲದರ ಸರಾಸರಿ ಮಾಡಿ, ಯಾರ ಗಡಿಯಾರ ಎಷ್ಟು ಆಚೀಚೆ ಇತ್ತು ಅಂತ ಅವರು ಮುಂದಿನ ತಿಂಗಳು ಪ್ರಕಟಿಸ್ತಾರೆ. ಅಂದ್ರೆ ಇವತ್ತಿನ ನಿಖರವಾದ ‘ಈಗ’ ಎಷ್ಟಿತ್ತು ಅಂತ ತಿಳಿಯೋದು ಮುಂದಿನ ತಿಂಗಳು!

‘ಈಗ’ ಅನ್ನೋದು ಹೊರಗೆ ಸಿದ್ಧವಾಗಿ ಬಿದ್ದಿರೋ ವಸ್ತುವಲ್ಲ. ಸಿಗ್ನಲ್ ಕಳಿಸಿ, ತಡ ಕಳೆದು, ಒಬ್ಬರ ಜೊತೆ ಒಬ್ಬರು ಒಪ್ಪಿ ಮಾಡ್ಕೊಳ್ಳೋದು. 1906ರಲ್ಲಿ ಬಾಂಬೆ ಜನ ಕೇಳಿದ್ದು, ಆ ಒಪ್ಪಿಗೆ ನಮ್ಮನ್ನ ಕೇಳಿ ಮಾಡಿದ್ರಾ ಅಂತ. 1905ರಲ್ಲಿ ಐನ್‌ಸ್ಟೈನ್ ತೋರಿಸಿದ್ದು, ಆ ಒಪ್ಪಿಗೆಯಲ್ಲಿ ಪ್ರಕೃತಿ ಯಾರ ಪರವೂ ನಿಲ್ಲಲ್ಲ ಅಂತ.

ಕಾಮೆಂಟ್‌ನಲ್ಲಿ ಒಂದು ಕೆಲಸ: ನಿಮ್ಮೂರಿನ ರೇಖಾಂಶ ಹುಡುಕಿ, 82.5ರಿಂದ ಕಳೆದು 4ರಿಂದ ಗುಣಿಸಿ. ಬೆಂಗಳೂರಿಗೆ ಸುಮಾರು 20 ನಿಮಿಷ, ಮಂಗಳೂರಿಗೆ ಸುಮಾರು 30. ನಿಮ್ಮೂರ ಮಧ್ಯಾಹ್ನ ವರ್ಷದ ಸರಾಸರಿಯಲ್ಲಿ ಗಡಿಯಾರದ 12 ಗಂಟೆಗಿಂತ ಅಷ್ಟು ತಡ. ಊರು, ನಿಮಿಷ ಎರಡನ್ನೂ ಬರೆಯಿರಿ, ನಕ್ಷೆ ಮಾಡಿ ಮುಂದಿನ ಪೋಸ್ಟ್‌ನಲ್ಲಿ ಹಾಕ್ತೀನಿ.

ಸೇವ್ ಮಾಡ್ಕೊಳ್ಳಿ, ರಿಲೇಟಿವಿಟಿ ಯೂನಿಟ್ ಬಂದಾಗ ಬೇಕಾಗುತ್ತೆ.

#ವಿಜ್ಞಾನದಇತಿಹಾಸ #ಗಡಿಯಾರ #ಐನ್‌ಸ್ಟೈನ್ #ಪ್ವಾಂಕಾರೆ #ಸಾಪೇಕ್ಷತೆ #ಕನ್ನಡದಲ್ಲಿವಿಜ್ಞಾನ